ಗಾಳಿಯಾಡುವ ಹೆಡ್‌ಫೋನು

ಕಿವಿ ಇರುವುದು ಸಂಗೀತ ಕೇಳುವುದಕ್ಕೆ, ಹೆಂಡತಿಯ ಮಾತು ಕೇಳುವುದಕ್ಕಲ್ಲ ಎಂಬುದು ಪ್ರಭುರಾಜನ ದೃಢ ನಂಬಿಕೆ. ಮಾನ್ವಿಯ ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತನಾಗಿರುವ ಈತ ರಜಾ ದಿನಗಳಲ್ಲಿ ಧ್ವನಿಮುದ್ರಣ ತಜ್ಞ. (ಈ ಬಿರುದನ್ನು ಅವನಿಗೆ ದಯಪಾಲಿಸಿದವನು ಅವನೇ.) ನೀರಮಾನ್ವಿಯ ಭಜನೆ, ಪೋತ್ನಾಳದ ಡೊಳ್ಳು ಎಂದು ಎಲ್ಲೆಲ್ಲಿಂದಲೋ ಹಿಡಿದು ತಂದ ದನಿಗಳು ಅವನ ಕಂಪ್ಯೂಟರಿನಲ್ಲಿ ತುಂಬಿದ್ದವು. ಅವನ್ನು ಕೊನೆಯವರೆಗೆ ಕೇಳಿದವರು ಮಾತ್ರ ಮನೆಯಲ್ಲಿ ಯಾರೂ ಇರಲಿಲ್ಲ.

ಆದ್ದರಿಂದ ಏಪ್ರಿಲ್ ತಿಂಗಳಲ್ಲಿ ಹೆಂಡತಿ ರಾಧಾ ತಾನಾಗಿಯೇ ಬಂದು ಒಂದು ಹಾಡು ಹಿಡಿದುಕೊಡಿ ಎಂದಾಗ ಅವನು ಕುರ್ಚಿಯಲ್ಲಿ ಸ್ವಲ್ಪ ಎತ್ತರವಾದ.

ವಿಷಯ ಸಣ್ಣದಾಗಿರಲಿಲ್ಲ. ದೇವದುರ್ಗದ ಬಂಡೆಮ್ಮ ರಾಧಾಳ ದೊಡ್ಡವ್ವ; ತಾಯಿಯಿಲ್ಲದ ಹುಡುಗಿಯನ್ನು ಸಾಕಿ ದೊಡ್ಡವಳನ್ನಾಗಿ ಮಾಡಿದವಳು. ಐವತ್ತು ವರ್ಷ ಬಳಗದ ಮದುವೆಗಳಲ್ಲೆಲ್ಲ ಸೋಬಾನ ಪದ ಹಾಡಿದ್ದಳು. ಆ ಪದಗಳು ಪೂರ್ತಿಯಾಗಿ ಬರುತ್ತಿದ್ದದ್ದು ಅವಳೊಬ್ಬಳಿಗೇ. ಈಗ ಅವಳ ಗಂಟಲಲ್ಲಿ ಒಂದು ಗಂಟು. ಇನ್ನು ಹತ್ತು ದಿನಕ್ಕೆ, ಸೋಮವಾರ, ರಾಯಚೂರಿನಲ್ಲಿ ಆಪರೇಷನ್. ಜೀವಕ್ಕೆ ಭಯವಿಲ್ಲ, ದನಿ ಉಳಿಯುತ್ತದೆಂದು ಮಾತ್ರ ಹೇಳಲಾರೆ ಎಂದಿದ್ದರು ಡಾಕ್ಟರು. ಅಲ್ಲಿಯವರೆಗೆ ಹಾಡುವುದಾದರೆ ಒಂದೇ ಸಲ.

"ಆಕಿ ದನಿ ಒಂದ್ ಸಲ ಹಿಡಿದುಕೊಡ್ರಿ. ಜನ್ಮದಾಗ ನಿಮಗ ಬ್ಯಾರೆ ಏನೂ ಕೇಳಂಗಿಲ್ಲ" ಎಂದಳು ರಾಧಾ.

"ಹಿಡೀತೀನಿ. ಆದ್ರ ನನ್ನ ಹೆಡ್‌ಫೋನು ಮೊದಲಿನಂಗ ಇಲ್ಲ. ಹೊಸಾದು ಬೇಕು."

"ಆಕಿ ಹಾಡೂದು ಮೈಕಿಗೋ, ನಿಮ್ಮ ಕಿವಿಗೋ?"

"ಮಷೀನಿನ್ಯಾಗ ಏನ್ ಹೊಂಟದ ಅಂತ ಹಾಡೋ ಹೊತ್ತಿಗೇ ಕೇಳಬೇಕಾಗ್ತದಲೇ. ನಿನಗ ತಿಳೆಂಗಿಲ್ಲ, ಬಿಡು."

ಅವನು ಹೇಳಿದ ಮಾತು ಸರಿಯಾಗಿತ್ತು. ಮುಂದೆ ನಡೆದದ್ದೆಲ್ಲ ಆ ಮಾತನ್ನು ಅವನೇ ಮರೆತದ್ದರಿಂದ.

ಹೆಡ್‌ಫೋನಿಗಾಗಿ ರಾಯಚೂರಿಗೆ ಮೂರು ಸಲ ಬಸ್ ಹತ್ತಿದ. ಮೂರನೆಯ ಸಲ ರಾಧಾ ಜೊತೆಗೆ ಹೋದಳು. ಅಂಗಡಿಯ ಕೊಟ್ರೇಶ ಎರಡನ್ನು ಎದುರಿಗಿಟ್ಟ. ಒಂದು, ಕಿವಿಯನ್ನು ದಪ್ಪ ಮೆತ್ತೆಯಿಂದ ಪೂರ್ತಿ ಮುಚ್ಚುವಂಥದ್ದು. ಇನ್ನೊಂದರ ಹೊರಮೈಗೆ ಜಾಲರಿ.

"ಹಾಡೋರ ಮುಂದ ಕುಂತು ರೆಕಾರ್ಡ್ ಮಾಡೂದಾದ್ರ ಮುಚ್ಚಿದ್ದೇ ಒಯ್ರಿ, ಸರ. ಹೊರಗಿನ ದನಿ ಒಳಗ ಬರಂಗಿಲ್ಲ. ಜಾಲರೀದು ಮನ್ಯಾಗ ಒಬ್ಬರ ಕುಂತು ಕೇಳಾಕ ಛಲೋ" ಎಂದ ಕೊಟ್ರೇಶ. "ಇದನ್ನ ಹೇಳೂದು ಇದು ಮೂರನೇ ಸಲ, ಸರ" ಎಂದೂ ಸೇರಿಸಿದ.

ಮುಚ್ಚಿದ್ದನ್ನು ಹಾಕಿಕೊಂಡ ಪ್ರಭುರಾಜನ ಕಿವಿಯ ಹಾಲೆಯಿಂದ ಹತ್ತೇ ನಿಮಿಷದಲ್ಲಿ ಬೆವರು ಇಳಿಯತೊಡಗಿತು. ಜಾಲರಿಯದರಲ್ಲಿ ಫ್ಯಾನಿನ ಗಾಳಿ ನೇರ ಒಳಗೆ ಬಂದು ಕಿವಿಯನ್ನು ಸವರಿತು.

"ಇದೇ ಇರಲಿ. ಗಾಳಿ ಆಡ್ತದ."

"ಅಂಗಡ್ಯಾವರು ಮುಚ್ಚಿದ್ದು ಒಯ್ರಿ ಅನ್ನಾಕತ್ತಾರ" ಎಂದಳು ರಾಧಾ.

"ಈ ಬಿಸಿಲಾಗ ಕಿವಿ ಬೇಯ್ತಾವಲೇ!"

"ಒಂದ್ ತಾಸು ಬೇಯ್ಲಿ ಬಿಡ್ರಿ. ಅಲ್ಲಿ ಆಕಿ ಗಂಟಲಿಗೇ ಕತ್ತರಿ ಬೀಳೂದದ."

ಕೊಟ್ರೇಶ ಆ ಕಡೆ ತಿರುಗಿ, ಮೊದಲೇ ಸ್ವಚ್ಛವಾಗಿದ್ದ ಗಾಜನ್ನು ಮತ್ತೆ ಒರೆಸಿದ. (ಅವನೂ ಸಂಸಾರಸ್ಥ.)

ಭಾನುವಾರ ಮುಂಜಾನೆ ದೇವದುರ್ಗದ ಮನೆಯ ಪಡಸಾಲೆಯಲ್ಲಿ ಬಂಡೆಮ್ಮ ಚಾಪೆಯ ಮೇಲೆ ಕೂತಳು. ಅವಳ ಮುಂದೆ ಮೈಕು. ಅದರ ವೈರು ಆರು ಅಡಿ ದೂರದಲ್ಲಿ ಕೂತ ಪ್ರಭುರಾಜನ ತೊಡೆಯ ಮೇಲಿದ್ದ ರೆಕಾರ್ಡರಿಗೆ. ಧೂಳು ಕೂರದಿರಲೆಂದು ಯಂತ್ರಕ್ಕೆ ಟವೆಲು ಸುತ್ತಿ, ಟೇಬಲ್ ಫ್ಯಾನನ್ನು ತನ್ನ ಕಡೆಗೆ ತಿರುಗಿಸಿಕೊಂಡಿದ್ದ. ತಲೆಯ ಮೇಲೆ ಹೊಸ ಹೆಡ್‌ಫೋನು.

"ಮೊದಲ ಒಂದ್ ಸಾಲು ಹಾಡಿಸಿ, ಹಿಂದಕ್ಕ ಹಚ್ಚಿ ಕೇಳ್ರಿ" ಎಂದಳು ರಾಧಾ.

"ಆಕಿ ದನಿ ಸುಮ್ಮ ಹಾಳು ಮಾಡಬ್ಯಾಡ. ನನಗ ಎಲ್ಲಾ ಕೇಳಸಾಕತ್ತದ."

ಬಂಡೆಮ್ಮ ಹಾಡಿದಳು. ಮದುಮಗಳಿಗೆ ಅರಿಶಿನ ಹಚ್ಚುವುದರಿಂದ ಹಿಡಿದು ತೌರಿನ ಹೊಸ್ತಿಲು ದಾಟಿಸುವವರೆಗೆ, ಒಂದು ಸಾಲೂ ತಪ್ಪದೆ, ಐವತ್ತು ನಿಮಿಷ. ಇನ್ನು ಹಾಡುವುದಿಲ್ಲವೆಂದು ಗೊತ್ತಿದ್ದವಳ ಹಾಡು ಅದು. ಪ್ರಭುರಾಜ ಕಣ್ಣು ಮುಚ್ಚಿ "ವಾಹ್!" ಎಂದ. ಎಂಥ ಹೆಡ್‌ಫೋನು! ಮುದುಕಿ ಆರು ಅಡಿ ದೂರದಲ್ಲಿ ಕೂತು ಹಾಡಿದ ಹಾಗೆಯೇ ಕೇಳಿಸುತ್ತಿದೆಯಲ್ಲ! (ಆರು ಅಡಿ ದೂರದಲ್ಲಿ ಕೂತು ಹಾಡುತ್ತಿದ್ದಳು.) ಫ್ಯಾನಿನ ಸದ್ದೂ ಕೇಳಿಸಿತು, ಕೋಣೆಯಲ್ಲಿ ಫ್ಯಾನು ಇದ್ದುದರಿಂದ ಅದೂ ಸರಿಯೆನ್ನಿಸಿತು.

ನಡುವೆ ಅಳು ಬಂದು ರಾಧಾ ಸೊರ್ ಎಂದು ಮೂಗು ಏರಿಸಿದಳು.

"ಏಯ್, ಬಾಯಿ ಮುಚ್ಚಲೇ! ನಿನ್ನ ಮೂಗು ರೆಕಾರ್ಡ್ ಆಗಾಕತ್ತದ!"

ಬಂಡೆಮ್ಮ ಅರೆಕ್ಷಣ ತಡೆದು ಅಳಿಯನನ್ನು ನೋಡಿದಳು. ಮತ್ತೆ ಎತ್ತಿಕೊಂಡಳು.

ಅವನು ಆ ಮುದ್ರಣವನ್ನು ಕಂಪ್ಯೂಟರಿಗೆ ಹಾಕಿ ಕೇಳಿದ್ದು ಮಂಗಳವಾರ. ರೆಕಾರ್ಡರಿನ ಮೈಯಲ್ಲೇ ಒಂದು ಪುಟ್ಟ ಮೈಕಿರುತ್ತದೆ. ಅದನ್ನು ಬಿಟ್ಟು ವೈರಿನ ಮೈಕಿನ ದನಿ ತೆಗೆದುಕೊಳ್ಳಲು ಒಂದು ಗುಂಡಿ ಒತ್ತಬೇಕು. ಪ್ರಭುರಾಜ ಒತ್ತಿರಲಿಲ್ಲ. ಹೀಗಾಗಿ ಐವತ್ತು ನಿಮಿಷ ಹಾಡಿ ಹೋದದ್ದು ಟೇಬಲ್ ಫ್ಯಾನು. ಹಿಮ್ಮೇಳದಲ್ಲಿ ಟವೆಲು, ಪ್ರಭುರಾಜನ ಉಸಿರು. ಇವೆಲ್ಲದರ ಹಿಂದೆ, ನಾಲ್ಕು ಗೋಡೆಗಳಾಚೆ ಎಂಬಂತೆ, ಒಂದು ಹೆಣ್ಣು ದನಿಯ ಎಳೆ. ಅಂದು ಅವನ ಕಿವಿಗೆ ಬಿದ್ದದ್ದು ಜಾಲರಿಯಿಂದ ನೇರ ಒಳಬಂದ ದನಿ; ಕಿವಿ ಮುಚ್ಚುವ ಹೆಡ್‌ಫೋನಾಗಿದ್ದರೆ ಮೊದಲ ಸಾಲಿಗೇ ಗೊತ್ತಾಗುತ್ತಿತ್ತು.

"ಆ ಕೊಟ್ರೇಶ ಬಿಡಿಸಿ ಹೇಳಬೇಕಾಗಿತ್ತು" ಎಂದ.

"ಮೂರು ಸಲ ಹೇಳಿದ್ನಲ್ಲ."

"ಮಷೀನು ಭಾಳ ಹಳೇದಾಗ್ಯದ."

ರಾಧಾ ಕೂಗಾಡಲಿಲ್ಲ. "ಇನ್ನೊಮ್ಮೆ ಹಾಡಿಸಾಕ ಬರ್ತದೇನ್ರೀ?" ಎಂದು ಮೆತ್ತಗೆ ಕೇಳಿದಳು. ಆಪರೇಷನ್ ಹಿಂದಿನ ದಿನವೇ ಮುಗಿದುಹೋಗಿತ್ತು. ಅದು ಅವಳಿಗೂ ಗೊತ್ತಿತ್ತು.

ಜೀವ ಉಳಿಯಿತು. ದನಿ ಉಳಿಯಲಿಲ್ಲ. ತಿಂಗಳ ಮೇಲೆ ಬಂಡೆಮ್ಮ ಸುಧಾರಿಸಿಕೊಳ್ಳಲು ಮಾನ್ವಿಗೆ ಬಂದಾಗ ಅವಳ ಬಾಯಿಂದ ಬರುತ್ತಿದ್ದದ್ದು ಬರೀ ಗಾಳಿ. ತುಟಿಗೆ ಕಿವಿ ಹಚ್ಚಿದರಷ್ಟೇ ಮಾತು ತಿಳಿಯುತ್ತಿತ್ತು. ಬಂದ ಮರುದಿನವೇ ತನ್ನ ಹಾಡು ಕೇಳಬೇಕೆಂದು ಕೈಸನ್ನೆ ಮಾಡಿದಳು.

ಪ್ರಭುರಾಜ ಕಂಪ್ಯೂಟರಿಗೆ ಅಡ್ಡ ನಿಂತ. ಅಷ್ಟು ದಿನವೂ ಅವನು ಕಂಪ್ಯೂಟರಿನ ಮುಂದೆ ಕೂತು ಫ್ಯಾನಿನ ಸದ್ದನ್ನು ಕೆರೆದು ಕೆರೆದು ತೆಗೆದಿದ್ದ. ಫ್ಯಾನು ತಗ್ಗಿದಷ್ಟೂ ಅದರ ಕೆಳಗಿನಿಂದ ಸ್ಪಷ್ಟವಾಗಿ ಎದ್ದು ಬಂದವನು ಅವನೇ.

"ಇನ್ನೂ ಕೆಲಸ ಬಾಕಿ ಅದ, ಯವ್ವಾ. ಇನ್ನೊಂದ್ ವಾರ..."

"ಹಚ್ಚಿಬಿಡ್ರಿ. ಇದ್ದದ್ದು ಕೇಳಲಿ" ಎಂದಳು ರಾಧಾ.

ಮುದುಕಿಯ ತಲೆಗೆ ಹೆಡ್‌ಫೋನು ಏರಿಸಿದರು. ತನ್ನ ದನಿಯನ್ನು ಹೊರಗಿನಿಂದ ಒಮ್ಮೆಯೂ ಕೇಳಿರದ ಬಂಡೆಮ್ಮ ಗೋಡೆ ನೋಡುತ್ತ ಹದಿನೈದು ನಿಮಿಷ ಅಲ್ಲಾಡದೆ ಕೂತಳು. ಆಮೇಲೆ ಹೆಡ್‌ಫೋನು ತೆಗೆದು, ರಾಧಾಳನ್ನು ಹತ್ತಿರ ಕರೆದು ಕಿವಿಯಲ್ಲಿ ಏನೋ ಹೇಳಿದಳು.

"ಏನಂತ?" ಎಂದ ಪ್ರಭುರಾಜ.

ರಾಧಾ ಒಂದೊಂದೇ ಮಾತನ್ನು ಬಿಡಿಸಿ, ಎಲ್ಲೂ ದನಿ ತಗ್ಗಿಸದೆ ಹೇಳಿದಳು:

"ದೂರದಾಗ ಯಾರೋ ಹೆಣ್ಣಮಗಳು ಭಾಳ ಛಲೋ ಹಾಡಾಕತ್ತಾಳಂತ. ನಡುನಡುವ ಒದರೂ ಈ ಗಂಡಸು ಯಾರು ಅಂತ ಕೇಳಾಕತ್ತಾಳ. ಅಂವ ಸುಮ್ಮ ಕುಂತಿದ್ರ, ಆಕಿ ಹಾಡಾದ್ರೂ ಕೇಳಬೋದಾಗಿತ್ತಂತ."