ಎಡಕ್ಕೆ ಬಿದ್ದ ಹೂವು

ಅದಕ್ಕೆ ನಮ್ಮ ಕಡೆ ಏನೋ ಅಂತಿದ್ದರು. ಹೂವಿನ ಅಪ್ಪಣೆ... ಅಲ್ಲ, ಹೂವಿನ ವರ... ಹಾಂ, ಹೂ ಪ್ರಸಾದ ಕೇಳೋದು. ಜಬಲ್ಪುರದಲ್ಲಿ ಇಷ್ಟು ವರ್ಷ ಕಳೆದ ಮೇಲೆ ಕೆಲವು ಮಾತು ನೆನಪಾಗಲು ಹೊತ್ತು ಹಿಡಿಯುತ್ತದೆ ಪುಟ್ಟಿ.

ಯಡಿಯೂರಿನ ಹಳೇ ದೇವಿ ಗುಡಿಯಲ್ಲಿ ಅರ್ಚಕರು ಒದ್ದೆ ಹೂಗಳನ್ನು ವಿಗ್ರಹದ ಎರಡೂ ಭುಜಕ್ಕೆ ಅಂಟಿಸುತ್ತಿದ್ದರು. ನಾವು ಪ್ರಶ್ನೆ ಹೇಳಿ ಕೈಮುಗಿದು ನಿಲ್ಲಬೇಕು. ದೇವಿಯ ಬಲಗಡೆಯ ಹೂ ಬಿದ್ದರೆ ಆಗಲಿ ಅಂತ, ಎಡಗಡೆಯದು ಬಿದ್ದರೆ ಬೇಡ ಅಂತ. ಗಾಳಿಯೇ ಆಡದ ಆ ಗರ್ಭಗುಡಿಯಲ್ಲಿ ಹೂವೊಂದು ತಾನಾಗಿ ಅಲುಗಿ ಜಾರುತ್ತಿದ್ದುದನ್ನು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ. ನನ್ನ ಮದುವೆ ತೀರ್ಮಾನವಾದದ್ದೂ ಅಲ್ಲೇ. ಆದರೆ ದೇವಿ ಉತ್ತರ ಕೊಟ್ಟಳೆಂದು ಮನುಷ್ಯರು ಸುಮ್ಮನಿರುತ್ತಾರೆಯೇ? ನಗು ಬರುವಂಥದ್ದು ಅಲ್ಲಿ ನಡೆಯುತ್ತಲೇ ಇತ್ತು.

೧. ಬೇಲಿಯಾಚೆ

ಜಯನಗರ ಬಡಾವಣೆಗೆಂದು ಹೊಲಗಳನ್ನು ಅಳೆಯುತ್ತಿದ್ದ ಕಾಲ. ಅಳತೆಯವರನ್ನು ಒಳಗೆ ಬಿಡಲೇ ಎಂದು ನಮ್ಮೂರ ಗೌಡರು ದೇವಿಯನ್ನು ಕೇಳಿದರು. ಎಡಗಡೆಯ ಹೂ ಬಿತ್ತು. ಗೌಡರು ಕೋಲು ಹಿಡಿದು ಬೇಲಿ ಹತ್ತಿರ ನಿಂತುಬಿಟ್ಟರು. ಅಳೆಯಲು ಬಂದವನೂ ಭಕ್ತನೇ. ತಾನೂ ಗುಡಿಗೆ ಹೋಗಿ, ಅಳೆಯಲೇ ತಾಯಿ ಎಂದು ಕೇಳಿದ. ಬಲಗಡೆಯದು ಬಿತ್ತು.

ಎಲ್ಲರೂ ಅರ್ಚಕರ ಮುಖ ನೋಡಿದರು. ಅವರು ಸ್ವಲ್ಪ ಯೋಚಿಸಿ, "ಸರಿಯಾಗೇ ಇದೆಯಲ್ಲ. ಗೌಡರು ಒಳಗೆ ಬಿಡೋದ್ ಬೇಡ. ಇವರು ಆಚೆ ನಿಂತ್ಕೊಂಡು ಅಳೀಲಿ" ಅಂದರು.

ಪಾಪ, ಆತ ದಿನವಿಡೀ ಬೇಲಿಯಾಚೆಯಿಂದಲೇ ಅಳೆದ.

೨. ಬಿಡಿಸಿ ಹೇಳಿ

ಮನೆಗೆ ಕರೆಂಟು ಹಾಕಿಸಲೇ ಎಂದು ನಮ್ಮ ಅಜ್ಜಿ ಕೇಳಿದಾಗಲೂ ಎಡಗಡೆಯದೇ ಬಿತ್ತು. ಅಜ್ಜಿ ಜಾಗ ಬಿಟ್ಟು ಕದಲಲಿಲ್ಲ. "ಕರೆಂಟು ಅಂದ್ರೇನು ಅಂತ ತಾಯಿಗೆ ಹೆಂಗ್ ಗೊತ್ತಾಗ್ಬೇಕು ಅಯ್ನೋರೇ? ಬಿಡಿಸಿ ಹೇಳಿ" ಅಂದರು. ಅರ್ಚಕರು ತಂತಿ, ಸ್ವಿಚ್ಚು, ಬಲ್ಬು ಎಲ್ಲವನ್ನೂ ಮಂತ್ರದ ರಾಗದಲ್ಲೇ ದೇವಿಗೆ ವಿವರಿಸಿದರು. ಬಲಗಡೆಯ ಹೂ ಬಿತ್ತು.

ವರ್ಷ ತುಂಬುವುದರೊಳಗೆ ಗುಡಿಗೂ ಬಲ್ಬು ಬಂತು. ತಾಯಿಗೆ ಆಸೆ ಹುಟ್ಟಿಸಿದ್ದೇ ತಾನು ಎಂದು ಅಜ್ಜಿ ಹೇಳಿಕೊಂಡು ತಿರುಗಿದರು.

೩. ಯಾರ ಕಡೆಯವರು

ನನ್ನನ್ನು ನೋಡಲು ಬಂದ ಹುಡುಗನ ಕೆಲಸ ಜಬಲ್ಪುರದಲ್ಲಿ. ಕಾಫಿ ಕುಡಿದ ಲೋಟವನ್ನು ತಾನೇ ಎತ್ತಿಕೊಂಡು ಹೋಗಿ ಒಳಗಿಟ್ಟ. ಅಷ್ಟಕ್ಕೇ ನನ್ನ ಮನಸ್ಸು ಅವನ ಕಡೆ ಹೋಗಿತ್ತು. ಅಷ್ಟು ದೂರಕ್ಕೆ ಕೊಡಲು ಅಜ್ಜಿಗೆ ಸುತರಾಂ ಇಷ್ಟವಿಲ್ಲ. ಅಪ್ಪ ಒತ್ತಾಯ ಮಾಡಿದ ಮೇಲೆ, ದೇವಿ ಹೇಳಿದಂತೆ ಆಗಲಿ ಎಂದು ನನ್ನನ್ನು ಗುಡಿಗೆ ಕರೆದುಕೊಂಡು ಹೋದರು. ಜಬಲ್ಪುರಕ್ಕೆ ಕೊಡಲೇ ಎಂದು ಕೇಳಿದರು.

ಬಹಳ ಹೊತ್ತು ಏನೂ ಬೀಳಲಿಲ್ಲ. ಆಮೇಲೆ ಎಡಗಡೆಯ ಹೂ ಜಾರಿತು.

ನಾನು ತಲೆ ತಗ್ಗಿಸಿದೆ. ಕಣ್ಣೀರು ಕಲ್ಲಿನ ಮೇಲೆ ಟಪ್ ಟಪ್ ಅಂತ ಬಿತ್ತು. ಗೆದ್ದ ಅಜ್ಜಿ ನನ್ನ ಮುಖ ನೋಡಿದರು. ಆಮೇಲೆ ನಮ್ಮ ಹಿಂದೆ ನಿಂತಿದ್ದ ಗೊಟ್ಟಿಗೆರೆಯ ರೈತನ ಕಡೆ ತಿರುಗಿದರು.

"ನೀನೇನಪ್ಪ ಕೇಳೋಕ್ ಬಂದೋನು?"

"ಎಮ್ಮೆ ಮಾರ್ಲಾ ಅಂತ, ದೊಡ್ಡಮ್ಮ."

"ಮನಸ್ಸಲ್ಲಿ ಆಗ್ಲೇ ಕೇಳ್ಬಿಟ್ಯಾ?"

"ಬಂದಾಗಿಂದ ಅದನ್ನೇ ಕೇಳ್ತಿವ್ನಿ."

"ಅಂಗಾದ್ರೆ ಅದು ಎಮ್ಮೆ ಹೂವು ಅಯ್ನೋರೇ. ನಮ್ಮ ಹುಡುಗೀದು ಇನ್ನೂ ಬಿದ್ದಿಲ್ಲ."

ಅರ್ಚಕರು ಹೊಸ ಹೂ ಅಂಟಿಸಿದರು. ಅವರು ಕೈ ತೆಗೆದು ಹಿಂದೆ ಸರಿಯುವಷ್ಟರಲ್ಲಿ ಬಲಗಡೆಯ ಹೂ ಉರುಳಿ ಬಂದು ಹೊಸ್ತಿಲ ಹತ್ತಿರ ನಿಂತಿತು. ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡರು.

ರೈತ ತನ್ನ ಪಾಲಿನ ಹೂವನ್ನು ಕಣ್ಣಿಗೊತ್ತಿಕೊಂಡು ಟವೆಲಿನ ತುದಿಗೆ ಕಟ್ಟಿಕೊಂಡ. ಎಮ್ಮೆ ಮಾರಲಿಲ್ಲ. ನನ್ನ ಮದುವೆಗೆ ಅದರದ್ದೇ ಹಾಲಿನ ಮೊಸರನ್ನು ದೊಡ್ಡ ಮಡಕೆಯಲ್ಲಿ ಹೊತ್ತು ತಂದ. ಮೊದಲ ಪಂಕ್ತಿಯಲ್ಲೇ ಅಜ್ಜಿ ಆತನನ್ನು ಕೂರಿಸಿದ್ದು ನೋಡಿ ನಮ್ಮ ಮಾವನವರು, ಇವರು ಹೆಣ್ಣಿನ ಕಡೆಯವರೋ ಎಂದು ವಿಚಾರಿಸಿದರು.

ಅಜ್ಜಿ ಬಡಿಸುವುದನ್ನು ನಿಲ್ಲಿಸದೆ ಹೇಳಿದರು: "ಇಲ್ಲ, ಎಮ್ಮೆ ಕಡೆಯವರು."

ನಗಬೇಡ ಪುಟ್ಟಿ. ಪೆನ್ನು ತಗೊಂಡು ಬಾ, ಇದನ್ನ ಹೇಳಿದ ಹಾಗೇ ಬರೆದಿಡು.