ಡಬ್ಬಿಯೊಳಗೆ ಡಬ್ಬಿ, ಅದರೊಳಗೆ ಕೀಲಿ

ನಮ್ಮ ಭಾವನ ಕಾರನ್ನು ಕದಿಯಬಲ್ಲ ಕಳ್ಳ ಬೆಂಗಳೂರಿನಲ್ಲಿ ಇನ್ನೂ ಹುಟ್ಟಿಲ್ಲ. ಹುಟ್ಟಿದರೂ ಪಾಪ, ಏನು ಮಾಡಿಯಾನು? ಅದರ ಕೀಲಿಯನ್ನು ಹೊರತೆಗೆಯಲು ಖುದ್ದು ಭಾವನಿಗೇ ಏಳು ನಿಮಿಷ ಬೇಕು! ಗಡಿಯಾರ ನೋಡಿಕೊಂಡೇ ಹೇಳುತ್ತಿದ್ದೇನೆ. ದಂಡು ಪ್ರದೇಶದ ಆಸ್ಪತ್ರೆಯೊಂದರಲ್ಲಿ ಮೂವತ್ತು ವರ್ಷ ದುಡಿದು, ಮೇಟ್ರನ್ ಆಗಿ ನಿವೃತ್ತಳಾದವಳು ನಾನು. ಆರು ಗಂಟೆಯ ಮಾತ್ರೆಯನ್ನು ಆರೂ ಐದಕ್ಕೆ ಕೊಟ್ಟ ಹುಡುಗಿಯರು ನನ್ನೆದುರು ಅತ್ತದ್ದುಂಟು. ಅಂಥವಳು ಒಂದು ಕೀಲಿಗಾಗಿ ಏಳು ನಿಮಿಷ ಕಾಯಬೇಕೆಂದರೆ!

ಭಾವ ಎಂದರೆ ನನ್ನ ಅಕ್ಕನ ಗಂಡ. ಮನೆ ಇಂದಿರಾನಗರದಲ್ಲಿ. ಮೆಟ್ರೋ ಕಂಬಗಳು ಒಂದೊಂದಾಗಿ ಮೇಲೇಳುತ್ತಿದ್ದ ವರ್ಷಗಳವು. ಅಕ್ಕನಿಗೆ ಪಾರ್ಶ್ವವಾಯು ಬಡಿದು ಬಲಗೈ ಬಲಗಾಲು ಸೋತಿದ್ದವು. ನಾನು ಗಂಟುಮೂಟೆ ಕಟ್ಟಿಕೊಂಡು ಬಂದು ಆ ಮನೆಯನ್ನು ವಾರ್ಡಿನಂತೆ ನಡೆಸತೊಡಗಿದೆ. ಎಡಗೈಯಲ್ಲಿ ಕೋಲು ಹಿಡಿದು ಅಕ್ಕ ನಾಲ್ಕು ಹೆಜ್ಜೆ ಇಡುವಂತಾದಳು. ಮಂಗಳವಾರ, ಶುಕ್ರವಾರ ಹತ್ತು ಗಂಟೆಗೆ ಫ್ರೇಜರ್ ಟೌನಿನಲ್ಲಿ ವ್ಯಾಯಾಮ. ತಪ್ಪಿಸಿದರೆ ಕಾಲು ಮತ್ತೆ ಬಿಗಿದುಕೊಳ್ಳುತ್ತದೆ ಎಂದಿದ್ದರು ಡಾಕ್ಟರು. ಆಟೋಗೆ ಹತ್ತಿಸಬೇಕಾದರೆ ಇಬ್ಬರು ಎತ್ತಬೇಕು. ಹಾಗಾಗಿ ಕಾರು ಬೇಕೇ ಬೇಕಿತ್ತು. ಅದನ್ನು ನಾನೂ ಒಪ್ಪುತ್ತೇನೆ. ಆದರೆ ಹಳೆಯ ಕಾರಿಗೆ ಏನಾಗಿತ್ತು? ಗುಂಡುಕಲ್ಲಿನಂತಿತ್ತು! ಅದನ್ನು ಮಾರಿ, ಮೇಲೆ ಉಳಿತಾಯವನ್ನೆಲ್ಲ ಸುರಿದು, ಕೀಲಿ ತಿರುಗಿಸದೆಯೇ ತೆರೆದುಕೊಳ್ಳುವ ಕಾರು ತಂದರು. ಕೀಲಿ ಮೈಮೇಲಿದ್ದರೆ ಸಾಕಂತೆ, ಹಿಡಿಗೆ ಕೈ ತಗುಲಿದೊಡನೆ ಬಾಗಿಲು ಬಿಚ್ಚಿಕೊಳ್ಳುತ್ತದಂತೆ.

"ಈ ವಯಸ್ಸಲ್ಲಿ ಇಂಥ ಶೋಕಿ ಬೇಕಿತ್ತಾ ಭಾವ?" ಎಂದೆ.

"ಬೇಕಿತ್ತು ಕಣಮ್ಮ ಮೇಟ್ರನ್. ಕಾರಣ ಇದೆ."

"ಏನು ಕಾರಣ?"

"ಇದೆ ಅಂದ್ನಲ್ಲ!"

ಇದು ಭಾವ ವಿವರಣೆ ಕೊಡುವ ಕ್ರಮ.

ಶೋಕಿ ಮೂರು ವಾರ ನಡೆಯಿತು. ನಾಲ್ಕನೆಯ ವಾರ ಶಿವಾಜಿನಗರದಲ್ಲಿ ಅವರ ಹಳೆಯ ಮೆಕ್ಯಾನಿಕ್ ಸಿಕ್ಕ. ಹೊಸ ಕಾರನ್ನು ಹೊಗಳುತ್ತಾನೆಂದು ಇವರು ಕಾದರೆ ಅವನು ತಲೆ ಆಡಿಸಿದನಂತೆ. "ಸಾರ್, ಈ ಚಾವಿ ಸುಮ್ನೆ ಕೂರೋ ಐಟಂ ಅಲ್ಲ. ದಿನಾ ಪೂರಾ ಗಾಡಿ ಜೊತೆ ಬಾತ್ ಮಾಡ್ತಾ ಇರ್ತದೆ. ಒಬ್ಬ ನಿಮ್ ಬಾಗ್ಲಲ್ಲಿ ಮಿಷಿನ್ ಹಿಡ್ಕೊಂಡು ನಿಂತ, ಇನ್ನೊಬ್ಬ ಗಾಡಿ ಪಕ್ಕ ನಿಂತ ಅಂದ್ರೆ ಖಲಾಸ್. ಚಾವಿ ಮಾತಾಡಿದ್ದು ಗಾಡಿಗೆ ಕೇಳ್ತದೆ. ನೀವು ಒಳಗೆ ಚಾಯ್ ಕುಡೀತಾ ಇರ್ತೀರಿ, ಗಾಡಿ ಕೆ.ಆರ್. ಪುರಂ ದಾಟಿರ್ತದೆ!"

"ಮತ್ತೆ ಏನ್ ಮಾಡೋದಯ್ಯಾ?"

"ಲೋಹದೊಳಗೆ ಬಂದ್ ಮಾಡಿ ಸಾರ್, ಆವಾಜ್ ಹೊರಗೆ ಬರಲ್ಲ."

ಅಷ್ಟೇ ಸಾಕಾಯಿತು. ಮರುದಿನ ಭಾವ ಹಲಸೂರಿನ ಪಾತ್ರೆ ಅಂಗಡಿಯ ಮುಂದೆ ಕಾರು ನಿಲ್ಲಿಸಿ, ಒಂದೊಂದು ಡಬ್ಬಿಯೊಳಗೂ ಕೀಲಿ ಹಾಕಿ, ಮುಚ್ಚಳ ಒತ್ತಿ, ಓಡಿ ಬಂದು ಕಾರಿನ ಹಿಡಿ ಎಳೆದು ನೋಡಿದರು. ಬಾಗಿಲು ತೆರೆದರೆ ಡಬ್ಬಿ ಫೇಲು. ನಾನೂ ಜೊತೆಗಿದ್ದೆ, ನನ್ನ ದುರದೃಷ್ಟ! ಹನ್ನೊಂದನೆಯ ಡಬ್ಬಿಗೆ ಅಂಗಡಿಯವನ ತಾಳ್ಮೆ ಮುಗಿಯಿತು.

"ಸಾರ್, ನೀವು ಡಬ್ಬ ತಗೊಳಕ್ಕೆ ಬಂದ್ರಾ, ಕಾರು ಮಾರಕ್ಕೆ ಬಂದ್ರಾ?"

"ಮಾತಾಡದೇ ಇರೋ ಡಬ್ಬಿ ಕೊಡಯ್ಯಾ ಅಂದ್ರೆ!" ಎಂದರು ಭಾವ.

ಅಂಗಡಿಯವನು ನನ್ನ ಕಡೆ ನೋಡಿದ. ನಾನು ತೂಗುಹಾಕಿದ್ದ ಸೌಟುಗಳ ಕಡೆ ನೋಡಿದೆ.

ಕೊನೆಗೆ ವ್ಯವಸ್ಥೆ ಹೀಗಾಯಿತು. ಕೀಲಿಗೆ ಚಪಾತಿ ಸುತ್ತುವ ಬೆಳ್ಳಿ ಬಣ್ಣದ ಹಾಳೆ. ಅದು ಸಣ್ಣ ಸ್ಟೀಲ್ ಡಬ್ಬಿಯಲ್ಲಿ. ಸಣ್ಣ ಡಬ್ಬಿ ದೊಡ್ಡ ಡಬ್ಬಿಯಲ್ಲಿ. ದೊಡ್ಡ ಡಬ್ಬಿ ಅಡುಗೆಮನೆಯ ಕಪಾಟಿನಲ್ಲಿ, ಬೇಳೆಕಾಳುಗಳ ನಡುವೆ! ಇನ್ನೊಂದು ಕೀಲಿ ಬ್ಯಾಂಕಿನ ಲಾಕರಿನಲ್ಲಿ. ಹೊರಡುವ ದಿನ ಭಾವ ಊಟದ ಮೇಜಿನ ಮೇಲೆ ಇದನ್ನೆಲ್ಲ ಪದರ ಪದರವಾಗಿ ಬಿಚ್ಚಿ, ಹಾಳೆಯನ್ನು ಮತ್ತೆ ಬಳಸಲೆಂದು ಉಗುರಿನಿಂದ ತೀಡಿ, ಮಡಿಸಿಡುತ್ತಿದ್ದರು. ಏಳು ನಿಮಿಷ! ನಾನು ಗಡಿಯಾರ ತೋರಿಸಿದರೆ, "ನೀನು ಒಳಗಿರು, ಅವಳನ್ನ ನಾನು ಕರ್ಕೊಂಡು ಹೋಗ್ತೀನಿ" ಎಂದು ಓಡಿಸುತ್ತಿದ್ದರು. ಅದು ಅಕ್ಕನ ಹಾಸಿಗೆಯ ಹೊದಿಕೆ ಬದಲಿಸುವ ಹೊತ್ತಾದ್ದರಿಂದ ನಾನೂ ಒಳಗೆ ಹೋಗುತ್ತಿದ್ದೆ.

ಈಗ ನನ್ನ ತಪ್ಪಿನ ವಿಷಯ. ಒಂದು ಗುರುವಾರ ಸಂಜೆ ಕಪಾಟು ಜೋಡಿಸುತ್ತಿದ್ದೆ. ಎದುರುಮನೆಯ ಮಾಮಿ ಮುರುಕ್ಕು ತುಂಬಿ ಕಳಿಸಿದ್ದ ಡಬ್ಬಿ ನಾಲ್ಕು ದಿನವಾದರೂ ನಮ್ಮಲ್ಲೇ ಕೂತಿತ್ತು. ಎಂಥ ಅಶಿಸ್ತು! ಬೇರೆಯವರ ಡಬ್ಬಿಯನ್ನು ಖಾಲಿ ಮರಳಿಸಬಾರದಷ್ಟೇ? ಎತ್ತಿ ಅಲ್ಲಾಡಿಸಿದೆ. ಒಳಗೆ ಏನೋ ಇತ್ತು. ಅಡುಗೆಯವಳು ಆಗಲೇ ತುಂಬಿಟ್ಟಿದ್ದಾಳೆ, ಪರವಾಗಿಲ್ಲ, ನನ್ನ ಕೈಕೆಳಗೆ ಪಳಗುತ್ತಿದ್ದಾಳೆ ಎಂದು ಸಂತೋಷಪಟ್ಟು ಕೊಟ್ಟುಬಂದೆ.

ಶುಕ್ರವಾರ ಒಂಬತ್ತೂಕಾಲಿಗೆ ಭಾವ ದೊಡ್ಡ ಡಬ್ಬಿ ತೆರೆದರು. ಮುರುಕ್ಕಿನ ಪುಡಿ!

ಮುಂದಿನ ಕಾಲು ಗಂಟೆ ಆ ಅಡುಗೆಮನೆಯಲ್ಲಿ ಮುಚ್ಚಳವಿದ್ದ ಡಬ್ಬಿ ಒಂದೂ ಉಳಿಯಲಿಲ್ಲ. ಒಂದೇ ಥರದ ಎರಡು ಡಬ್ಬಿಗಳಲ್ಲಿ ನಾನು ಕೊಟ್ಟುಬಂದದ್ದು ಕೀಲಿಯದ್ದೆಂದು ಹೊಳೆದು ಎದುರುಮನೆಗೆ ಓಡಿದರೆ ಅಲ್ಲಿ ಬೀಗ! ಲಾಕರಿನಲ್ಲಿದ್ದ ಇನ್ನೊಂದು ಕೀಲಿ? ಬ್ಯಾಂಕಿನ ಬಾಗಿಲು ತೆರೆಯುವುದೇ ಹತ್ತಕ್ಕೆ. ಕೊನೆಗೆ ಆಟೋ ಕರೆಸಿ, ಭಾವ ಆ ಕಡೆ ನಾನು ಈ ಕಡೆ ಹಿಡಿದು ಅಕ್ಕನನ್ನು ಎತ್ತಿ ಕೂರಿಸಿದೆವು.

"ಮೂಟೆ ಥರ ಎತ್ತಿ ಹಾಕ್ಬೇಡ್ರೇ" ಎಂದಳು ಅಕ್ಕ.

"ಸುಮ್ನಿರು, ಟೈಮಾಯ್ತು" ಎಂದೆ ನಾನು.

ಮರಳಿ ಬಂದಾಗ ಮಾಮಿ ಗೇಟಿನಲ್ಲೇ ನಿಂತಿದ್ದರು, ಕೈಯಲ್ಲಿ ಡಬ್ಬಿ, ಬೆರಳಿಗೆ ಹಾಳೆ ಬಿಚ್ಚಿದ ಕೀಲಿ. "ಏನಮ್ಮಾ ಇದು! ಮೈಸೂರುಪಾಕು ಅಂತ ನಮ್ಮ ಮನೆಯವರು ಬಾಯಿಗೇ ಹಾಕ್ಕೊಳಕ್ಕೆ ಹೋದ್ರು. ಹಲ್ಲು ಹೋಗಿದ್ರೆ? ಬೆಳ್ಳಿ ಕೊಕ್ಕೆ ಬೇರೆ ಸಿಗಿಸಿದೀರಿ!" ಎನ್ನುತ್ತ ಕಾರಿಗೆ ಒರಗಿದರು. ಹಿಡಿಗೆ ಕೈ ತಗುಲಿತು. ಕಾರು ಕುಂಯ್ ಎಂದು ಬಿಚ್ಚಿಕೊಂಡಿತು.

"ನೋಡಿದ್ಯಾ?" ಭಾವ ನನ್ನ ಕಡೆ ತಿರುಗಿ ಗುಡುಗಿದರು. "ಯಾರು ಮುಟ್ಟಿದ್ರೂ ತೆಗಿಯತ್ತೆ! ಇದಕ್ಕೇ ನಾನು ಬಡ್ಕೊಂಡಿದ್ದು!"

ಕಾರಿನ ಕೀಲಿಗೆ ಬೆಳ್ಳಿಯ ಕೊಕ್ಕೆ! ಶೋಕಿಗೂ ಒಂದು ಮಿತಿ ಬೇಡವೆ? ನಗು ಬಂತು. ಆದರೆ ತಪ್ಪು ನನ್ನದಾಗಿದ್ದರಿಂದ ನುಂಗಿಕೊಂಡೆ. ಮುಂದಿನ ಮಂಗಳವಾರದಿಂದ ಕೀಲಿ ಡಬ್ಬಿ ಬಿಟ್ಟ ಗಳಿಗೆಯಿಂದ ಕಾರು ಹೊರಡುವ ತನಕ ನಾನೇ ಮೇಲ್ವಿಚಾರಣೆ ಮಾಡಬೇಕೆಂದು ತೀರ್ಮಾನಿಸಿದೆ. ಹೊದಿಕೆ ಹತ್ತು ನಿಮಿಷ ಕಾಯಲಿ.

ಮಂಗಳವಾರ ಬಂತು. ಡಬ್ಬಿ, ಡಬ್ಬಿ, ಹಾಳೆ. ಏಳು ನಿಮಿಷ. ಆಮೇಲೆ ಭಾವ ಕೀಲಿಯನ್ನು ತಮ್ಮ ಜೇಬಿಗೆ ಹಾಕಿಕೊಳ್ಳಲಿಲ್ಲ. ಕೋಲು ಹಿಡಿದು ನಿಂತಿದ್ದ ಅಕ್ಕನ ಮುಂದೆ ಮೊಣಕಾಲೂರಿ, ಆ ಬೆಳ್ಳಿಯ ಕೊಕ್ಕೆಯನ್ನು ಅವಳ ಸೀರೆಯ ಸೊಂಟಕ್ಕೆ ಸಿಗಿಸಿದರು.

ಆಗ ಗುರುತು ಹತ್ತಿತು. ನಲವತ್ತು ವರ್ಷ ಅಕ್ಕನ ಸೊಂಟದಲ್ಲಿ ಮನೆಯ ಬೀಗದ ಕೈಗಳ ಗೊಂಚಲು ತೂಗುತ್ತಿದ್ದ ಕೊಕ್ಕೆ ಅದು. ಅವಳು ಯಾವ ಕೋಣೆಯಲ್ಲಿದ್ದಾಳೆಂದು ಅದರ ಸದ್ದಿನಿಂದಲೇ ತಿಳಿಯುತ್ತಿತ್ತು. ಮಲಗಿದಾಗ ಒತ್ತುತ್ತದೆಂದು ಅದನ್ನು ಬಿಚ್ಚಿ ಅಡುಗೆಮನೆಯ ಮೊಳೆಗೆ ನೇತುಹಾಕಿದವಳು ನಾನೇ. ಅವಳನ್ನು ಒಂದು ಮಾತೂ ಕೇಳದೆ.

ಅಕ್ಕ ಮುಂದೆ, ಭಾವ ಎರಡು ಹೆಜ್ಜೆ ಹಿಂದೆ. ಕಾರಿನ ಬಳಿ ಅವರು ಬೇಕೆಂದೇ ಮೆಟ್ರೋ ಕಂಬದ ಕಡೆ ಮುಖ ತಿರುಗಿಸಿ ನಿಂತರು. ಅಕ್ಕ ಕೋಲನ್ನು ಮುಂಗೈಗೆ ತಗುಲಿಸಿಕೊಂಡು, ಕಾರಿಗೆ ಒರಗಿ, ಎಡಗೈಯನ್ನು ಹಿಡಿಗೆ ತಾಗಿಸಿದಳು. ಕುಂಯ್! ಬಾಗಿಲನ್ನು ತಾನೇ ಎಳೆದಳು. ತಿರುಗಿಸುವುದಿಲ್ಲ, ಒತ್ತುವುದಿಲ್ಲ, ಯಾರನ್ನೂ ಕರೆಯುವುದಿಲ್ಲ.

ನನ್ನ ಕೈ ಅಭ್ಯಾಸದಿಂದ ಮುಂದೆ ಹೋಗಿತ್ತು. ಹಿಂದಕ್ಕೆ ತೆಗೆದುಕೊಂಡೆ.

ಅಕ್ಕ ನನ್ನನ್ನು ನೋಡಿದಳು. ಕಾರನ್ನು ಹಿಡಿದುಕೊಂಡೇ ಒಂದು ಹೆಜ್ಜೆ ಪಕ್ಕಕ್ಕೆ ಸರಿದು, ಹಿಂದಿನ ಬಾಗಿಲನ್ನೂ ತೆಗೆದಳು.

"ಹತ್ಕೊಳ್ಳೇ. ಟೈಮಾಯ್ತು" ಎಂದಳು.

ಮೂವತ್ತು ವರ್ಷ ಬೇರೆಯವರಿಗೆ ಬಾಗಿಲು ತೆಗೆದವಳು ನಾನು. ಹೇಳಿದ ಹಾಗೆ ಹತ್ತಿ ಕೂತೆ.