ಸರಿಯದ ಸೀಟಿನ ಸುತ್ತ ಮಾಡಿಕೊಂಡ ಮಾರ್ಪಾಡುಗಳು

ಇಂದ:
ಬಿಳಿ ಬಣ್ಣದ ಕುಟುಂಬ ಕಾರೊಂದರ ಹಾಲಿ ಚಾಲಕಿ
(ಕಾರಿನ ಮಾಲೀಕರ ಪತ್ನಿ. ಮಾಲೀಕರು ಈಗಿಲ್ಲ. ಇನ್ನು ಮುಂದೆ ‘ಅರ್ಜಿದಾರಳು’.)

ಗೆ:
ಮಾನ್ಯ ವಾಹನ ತಪಾಸಣಾ ಅಧಿಕಾರಿಗಳು
ತಪಾಸಣಾ ಅಂಗಳ, ಹಿಂದಿನ ಗೇಟು

ವಿಷಯ: ಸದರಿ ಕಾರಿನಲ್ಲಿ ಮಾಡಿಕೊಂಡ ಮಾರ್ಪಾಡುಗಳಿಗೆ ವಿವರಣೆ, ಇತರ ಕುಟುಂಬಗಳಿಗೆ ಉಪಯೋಗವಾಗಬಹುದಾದ ಕೆಲವು ಸಲಹೆಗಳು, ಮತ್ತು ಒಂದು ಕೋರಿಕೆ.

ಉಲ್ಲೇಖ:
೧. ತಮ್ಮ ತಪಾಸಕರ ಟಿಪ್ಪಣಿ: “ಈ ವಾಹನದಲ್ಲಿ ಮೂಲ ವಾಹನ ಎಲ್ಲಿದೆ ಎಂದು ಹುಡುಕಬೇಕಾಗಿದೆ.”
೨. ಅದೇ ತಪಾಸಕರು ಗೇಟಿನ ಬಳಿ ಬಾಯಿಮಾತಿನಲ್ಲಿ ಹೇಳಿದ್ದು: “ಒಂದು ಅರ್ಜಿ ಕೊಟ್ಟು ನೋಡಿ.”
೩. ಅತ್ತೆಯವರ ಮೌಖಿಕ ಆದೇಶ (ತರುವಾಯ ಹಿಂಪಡೆಯಲಾಗಿದೆ, ಹಿಂಪಡೆದದ್ದು ಇನ್ನೂ ಜಾರಿಗೆ ಬಂದಿಲ್ಲ).

ಮಾನ್ಯರೇ,

ಮೇಲ್ಕಂಡ ಟಿಪ್ಪಣಿಯಲ್ಲಿ ತಾವು ಪ್ರತಿಯೊಂದು ಮಾರ್ಪಾಡಿಗೂ ಕಾರಣ ಕೇಳಿದ್ದೀರಿ. ಕಾರಣ ಒಂದೇ ಆಗಿರುವುದರಿಂದ ಅದನ್ನು ಮೊದಲೇ ನಿವೇದಿಸಿಕೊಳ್ಳಲಾಗಿದೆ.

೧. ಸದರಿ ಕಾರನ್ನು ಅರ್ಜಿದಾರಳ ಪತಿ ಓಡಿಸುತ್ತಿದ್ದರು. ಅವರು ಬಹಳ ಎತ್ತರ. ಗೆಳೆಯರ ಬಾಯಲ್ಲಿ ಅವರ ಹೆಸರು ‘ಏಣಿ’. ಅರ್ಜಿದಾರಳು ಎತ್ತರವಲ್ಲ; ಮದುವೆಯ ದಿನ ಫೋಟೋ ತೆಗೆದವನು ಅವಳನ್ನು ಇಟ್ಟಿಗೆಯ ಮೇಲೆ ನಿಲ್ಲಿಸಿದ್ದ. ಒಂದು ಬೆಳಿಗ್ಗೆ ಪತಿ ಕಾರು ಒರೆಸಿ, ಒಳಗೆ ಬಂದು ನೀರು ಕೇಳಿದರು. ನೀರು ತರುವಷ್ಟರಲ್ಲಿ ಕೇಳಿದವರು ಇರಲಿಲ್ಲ. ಕಾರಿಗೂ ಇದಕ್ಕೂ ಸಂಬಂಧವಿಲ್ಲ. ಆದಕಾರಣ, ಕಾರಿನ ಮೇಲೆ ಮನೆಯಲ್ಲಿ ಯಾರಿಗೂ ಸಿಟ್ಟಿಲ್ಲ.

೨. ಅವರು ಇದ್ದಾಗ ಚಾಲಕನ ಸೀಟಿನ ವಿಚಾರದಲ್ಲಿ ದಿನಾ ಜಗಳವಿತ್ತು. ಅರ್ಜಿದಾರಳು ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿಕೊಡುವವಳು. ಬೆಳಿಗ್ಗೆ ಸೀಟನ್ನು ಮುಂದಕ್ಕೆ ಎಳೆದುಕೊಂಡು ಹೋಗುವಳು. ಸಂಜೆ ಅವರು ಒಳಗೆ ತೂರಲು ಹೋಗಿ ಮಂಡಿಯನ್ನು ಸ್ಟೀರಿಂಗಿಗೆ ಬಡಿಸಿಕೊಳ್ಳುವರು.

“ಇದೇನು ಸೀಟೋ, ಕೂಸಿನ ತೊಟ್ಟಿಲೋ?”

“ನಿಮ್ಮದೇನು ಸೀಟಾ, ಹಾಸಿಗೆ. ಅಷ್ಟು ಹಿಂದೆ ಕೂತ್ರೆ ಕಾರು ಮೊದಲು ಮನೆಗೆ ಬರುತ್ತೆ, ನೀವು ಆಮೇಲೆ ಬರ್ತೀರಿ.”

ಸೀಟಿನ ಹಳಿಯ ಮೇಲೆ ಬಣ್ಣದ ಗುರುತು ಹಾಕಿಯೂ ನೋಡಲಾಯಿತು. ಗುರುತಿಗೆ ಸರಿಯಾಗಿ ತಂದು ನಿಲ್ಲಿಸಿದರೂ ಅವರು ಕೂತು, ಬೆನ್ನು ಆಡಿಸಿ, “ಉಹೂಂ, ಇದಲ್ಲ” ಎನ್ನುವರು. ಆದ್ದರಿಂದ ‘ಗುರುತು ಹಾಕಿ ಸರಿಸಿಕೊಳ್ಳಿ, ಬೇಕಾದಾಗ ವಾಪಸ್ ತನ್ನಿ’ ಎಂಬ ತಮ್ಮ ತಪಾಸಕರ ಸಲಹೆ ಈ ಮನೆಯಲ್ಲಿ ಹಿಂದೆಯೇ ಸೋತಿದೆ. ವಾಪಸ್ ತಂದದ್ದು ಅದೇ ಜಾಗ ಎಂದು ಒಪ್ಪಬೇಕಾದವರು ಒಬ್ಬರೇ ಇದ್ದರು.

೩. ಆ ಬೆಳಿಗ್ಗೆ ಕಾರು ಒರೆಸುವಾಗ ಅವರು ಸೀಟನ್ನು ತಮ್ಮ ಅಳತೆಗೆ ತಂದುಕೊಂಡಿದ್ದರು. ಮನೆಗೆ ಜನ ಬಂದು ಹೋಗುವುದು ನಿಂತ ಮೇಲೆ ಅರ್ಜಿದಾರಳು ಕಾಲೇಜಿಗೆ ಹೊರಡಲು ಬಾಗಿಲು ತೆಗೆದಾಗ ಸೀಟು ಹಾಗೆಯೇ ಇತ್ತು. ಅವಳು ಸೀಟಿನ ಕೆಳಗಿನ ಲಿವರ್‌ಗೆ ಬಗ್ಗಿದಳು. ಅತ್ತೆಯವರು ಮೆಟ್ಟಿಲ ಮೇಲಿಂದ ಕೂಗಿದರು:

“ಸೀಟು ಮುಟ್ಟಬೇಡ!”

ಅರ್ಜಿದಾರಳು ಹೇಗೂ ಮುಟ್ಟುವವಳಿರಲಿಲ್ಲ. ಬಗ್ಗಿದ್ದಳು, ಕೈ ಮುಂದೆ ಹೋಗಿರಲಿಲ್ಲ. ಆದರೂ ಅದನ್ನು ಆದೇಶವೆಂದೇ ಪರಿಗಣಿಸಲಾಯಿತು. ಆದೇಶವೊಂದು ಇದ್ದರೆ ಅನುಕೂಲವಿತ್ತು.

ಕಾಲೇಜಿನ ದಾರಿಯಲ್ಲಿ ಬಸ್ಸಿಲ್ಲ. ಅತ್ತೆಯವರನ್ನು ವಾರಕ್ಕೊಮ್ಮೆ ಮಂಡಿಯ ಚಿಕಿತ್ಸೆಗೆ ಆಸ್ಪತ್ರೆಗೆ ಕರೆದೊಯ್ಯಬೇಕು. ಆದಕಾರಣ, ಕಾರು ಓಡಲೇಬೇಕು, ಸೀಟು ಸರಿಯಲೇಬಾರದು. ಈ ಎರಡು ಷರತ್ತುಗಳ ನಡುವೆ ಸಿಕ್ಕಿ ಉಳಿದ ಕಾರೆಲ್ಲ ಮಾರ್ಪಾಡಾಯಿತು.

೪. ಮಾರ್ಪಾಡುಗಳ ವಿವರ, ಸಲಹೆ ಸಹಿತ:

(ಅ) ಬೆನ್ನ ಹಿಂದಿನ ದಿಂಬು. ಮೊದಲು ಹಾಲ್‌ನ ಸೋಫಾದ ದಿಂಬು ಇಡಲಾಯಿತು. ಕಾಲು ಎಟುಕಲಿಲ್ಲ. ಇನ್ನೊಂದು ಇಡಲಾಯಿತು. ಮೂರನೆಯದನ್ನು ಇಟ್ಟಾಗ ಅರ್ಜಿದಾರಳು ಸೀಟಿನ ಮೇಲೆ ಕೂತಿರಲಿಲ್ಲ, ಕಾರಿನೊಳಗೆ ನಿಂತಿದ್ದಳು. ಇತರ ಕುಟುಂಬಗಳಿಗೆ ಸಲಹೆ: ಒಂದು ದಿಂಬು ಸಾಕು, ಅದೂ ಗಟ್ಟಿಯಾಗಿರಲಿ. ಮೆತ್ತನೆಯ ದಿಂಬು ಬ್ರೇಕ್ ಒತ್ತಿದಾಗ ನಿಮ್ಮನ್ನು ಹಿಂದಕ್ಕೆ ನುಂಗುತ್ತದೆ.

(ಆ) ಪೆಡಲ್‌ಗಳ ಮೇಲಿನ ಮರದ ಕಟ್ಟೆ. ದಿಂಬಿನಿಂದ ಆಗದ್ದನ್ನು ಪೆಡಲ್‌ನಿಂದ ತುಂಬಿಸಬೇಕೆಂದು ಮೈದುನ ಸೂಚಿಸಿದ. ಅವನು ಪತಿಯ ತಮ್ಮ, ಬಾಗಿಲು ಕಿಟಕಿ ಮಾಡುವ ಬಡಗಿ.

“ಕಾಲು ಅಲ್ಲಿಗೆ ಹೋಗಲ್ಲ ಅಂದ್ರೆ ಪೆಡಲ್ಲನ್ನೇ ಇಲ್ಲಿಗೆ ಕರೆಸೋಣ ಅತ್ತಿಗೆ. ಅದೇನು ಬರಲ್ಲ ಅನ್ನುತ್ತಾ?”

ಅವನು ಬಾಗಿಲ ಚೌಕಟ್ಟಿನಲ್ಲಿ ಉಳಿದ ಮರದಿಂದ ಮೂರು ತುಂಡು ಮಾಡಿ, ಪಾಲಿಶ್ ಹಾಕಿ, ಪೆಡಲ್‌ಗಳಿಗೆ ಪಟ್ಟಿಯಿಂದ ಬಿಗಿದ. ನೋಡಲು ಚೆನ್ನಾಗಿತ್ತು. ಸಲಹೆ: ಪಾಲಿಶ್ ಬೇಡ. ಚಪ್ಪಲಿ ಒದ್ದೆಯಿದ್ದರೆ ಕಾಲು ಜಾರುತ್ತದೆ. ಒರಟು ರಬ್ಬರ್ ಹೊದಿಸಬೇಕು. ಇದಕ್ಕಿಂತ ಒಳ್ಳೆಯ ಸಲಹೆ ಆರನೆಯ ಅಂಶದಲ್ಲಿದೆ.

(ಇ) ಸ್ಟೀರಿಂಗ್. ಮುಂದಿನ ತಿರುವಿನಲ್ಲಿ ಕಾರುಗಳಿಗೆ ಎಕ್ಸ್‌ಟ್ರಾ ಫಿಟ್ಟಿಂಗ್ ಹಾಕುವ ಅಂಗಡಿಯಿದೆ. ಅಂಗಡಿಯವರನ್ನು ಬೀದಿಯವರೆಲ್ಲ ‘ಸರ್ಜನ್’ ಎನ್ನುತ್ತಾರೆ. ಯಾವ ಕಾರು ಒಳಗೆ ಹೋದರೂ ಏನಾದರೂ ಕೊಯ್ಯದೆ ಹೊರಗೆ ಕಳಿಸುವವರಲ್ಲ. ಅವರು ಸ್ಟೀರಿಂಗಿನ ಚಕ್ರವನ್ನು ಬಿಚ್ಚಿ, ನಡುವೆ ಡಬ್ಬಿಯಂಥದ್ದೊಂದು ಕೂರಿಸಿ, ಅಷ್ಟು ಹೊರಗೆ ತಂದರು. ಸೀಟು ಯಾಕೆ ಸರಿಸಬಾರದು ಎಂದು ಅವರು ಕೇಳಲಿಲ್ಲ. ಈ ಅವಧಿಯಲ್ಲಿ ಏನನ್ನೂ ಕೇಳದಿದ್ದವರು ಅವರೊಬ್ಬರೇ. ಆದ್ದರಿಂದ ಅರ್ಜಿದಾರಳು ಅವರ ಅಂಗಡಿಗೆ ಅಗತ್ಯಕ್ಕಿಂತ ಹೆಚ್ಚು ಸಲ ಹೋದಳು. ಹಿಂದಿನ ಗಾಜಿನ ಪರದೆ, ಬಾಗಿಲಿನ ಅಂಚಿನ ಪಟ್ಟಿ, ತಲೆ ಆಡಿಸುವ ಪ್ಲಾಸ್ಟಿಕ್ ಬಾತುಕೋಳಿ ಇವೆಲ್ಲಕ್ಕೆ ಬೇರೆ ಸಮರ್ಥನೆ ಇಲ್ಲ.

(ಈ) ಹಾರ್ನ್. ಚಕ್ರ ಹೊರಗೆ ಬಂದಾಗ ಹಾರ್ನಿನ ತಂತಿ ಎಟುಕಲಿಲ್ಲ. ಸರ್ಜನ್ ಅದಕ್ಕೆ ಪ್ರತ್ಯೇಕ ಗುಂಡಿ ಮಾಡಿ ಪಕ್ಕದ ಸೀಟಿನ ಬದಿಗೆ ಅಂಟಿಸಿದರು. ಅಲ್ಲಿ ಕೂರುವವರು ಅತ್ತೆಯವರು. ಅಂದಿನಿಂದ ಸದರಿ ಹಾರ್ನ್ ಎಚ್ಚರಿಕೆಗೆ ಬಳಕೆಯಾಗುತ್ತಿಲ್ಲ, ಅಭಿಪ್ರಾಯ ತಿಳಿಸಲು ಬಳಕೆಯಾಗುತ್ತಿದೆ. ಫೋನಿನಲ್ಲಿ ಮಾತಾಡುತ್ತ ರಸ್ತೆ ದಾಟುವವರು, ತಲೆ ಬಾಚದ ಹುಡುಗರು, ಆಸ್ಪತ್ರೆಯಲ್ಲಿ ಅವರನ್ನು ಕಾಯಿಸಿದ ನರ್ಸ್, ಹೊಸದಾಗಿ ಬಣ್ಣ ಬಳಿದ ಒಂದು ಮನೆ, ಇವರೆಲ್ಲರಿಗೂ ಹಾರ್ನ್ ಸಲ್ಲಿದೆ.

“ಅತ್ತೆ, ಆ ಮನೆ ಏನು ಮಾಡ್ತು ನಿಮಗೆ?”

“ಬಣ್ಣ ನೋಡಿದ್ಯಾ? ಕಣ್ಣಿಗೆ ಚುಚ್ಚುತ್ತೆ. ಯಾರಾದರೂ ಹೇಳಬೇಕಲ್ಲ.”

ಸಲಹೆ: ಹಾರ್ನ್ ಓಡಿಸುವವರ ಕೈಯಲ್ಲೇ ಇರಲಿ.

(ಉ) ಕನ್ನಡಿ. ಒಳಗಿನ ಕನ್ನಡಿಯೂ ಪತಿಯ ಅಳತೆಯದು. ಅರ್ಜಿದಾರಳ ಕಣ್ಣಿನ ಮಟ್ಟಕ್ಕೆ ಅದರಲ್ಲಿ ಕಾಣುವುದು ಕಾರಿನ ಚಾವಣಿ ಮಾತ್ರ. ಕನ್ನಡಿಗೂ ಆದೇಶ ಅನ್ವಯಿಸುತ್ತದೆಯೇ ಎಂದು ಅತ್ತೆಯವರನ್ನು ಕೇಳಲಾಗಿ, ಅವರು ಉತ್ತರಿಸದೆ ಅಡುಗೆಮನೆಗೆ ಹೋದರು. ಆದ್ದರಿಂದ ಅನ್ವಯಿಸುತ್ತದೆಂದು ತಿಳಿದು, ಆ ಕನ್ನಡಿಯ ಕೆಳಗೆ ಇನ್ನೊಂದನ್ನು ಕ್ಲಿಪ್ಪು ಹಾಕಿ ಸಿಕ್ಕಿಸಲಾಯಿತು. ಹಿಂದಿನ ರಸ್ತೆ ಕೆಳಗಿನದರಲ್ಲಿ ಕಾಣುತ್ತದೆ. ಮೇಲಿನದನ್ನು ಅರ್ಜಿದಾರಳು ಸುಮ್ಮನೆ ನೋಡುತ್ತಾಳೆ.

೫. ತಪಾಸಣೆಯ ದಿನ ನಡೆದದ್ದು ತಮ್ಮ ಕಚೇರಿಗೆ ತಿಳಿದಿದೆ. ಆದರೂ ದಾಖಲೆಗಾಗಿ: ತಪಾಸಕರು ಕಾರನ್ನು ಸುತ್ತು ಹಾಕಿ, ಬಾಗಿಲು ತೆಗೆದು, ಬಹಳ ಹೊತ್ತು ಒಳಗೆ ನೋಡಿದರು. ಅವರೂ ಗಿಡ್ಡ.

“ಏನಮ್ಮಾ, ಸೀಟು ಕೆಟ್ಟಿದೆಯಾ?”

“ಇಲ್ಲ ಸರ್. ಚೆನ್ನಾಗಿದೆ.”

“ಮುಂದೆ ಬರುತ್ತಾ?”

“ಬರುತ್ತೆ ಸರ್.”

“ಮತ್ತೆ ಇದೆಲ್ಲಾ ಏನು? ಕಾರೋ ಪೀಠೋಪಕರಣವೋ?”

ತಪಾಸಕರು ಚಾಲಕನ ಸೀಟಿನಲ್ಲಿ ಕೂತು, ಎಲ್ಲರೂ ಮಾಡುವಂತೆ, ಲಿವರ್‌ಗೆ ಕೈ ಹಾಕಿದರು. ಪಕ್ಕದ ಸೀಟಿನಲ್ಲಿದ್ದ ಅತ್ತೆಯವರು ಹಾರ್ನ್ ಒತ್ತಿ ಹಿಡಿದರು. ಅಂಗಳದಲ್ಲಿದ್ದ ಲಾರಿಗಳವರು ಇಳಿದು ಬಂದರು. ಕಚೇರಿಯ ಗುಮಾಸ್ತರು ಕಿಟಕಿಯಲ್ಲಿ ತಲೆ ಹಾಕಿದರು. ತಪಾಸಕರು ಕಿವಿ ಮುಚ್ಚಿಕೊಂಡು, “ತಾಯೀ, ಕೈ ತೆಗೀರಿ!” ಎಂದರು.

“ನೀನು ಮೊದಲು ತೆಗಿ,” ಎಂದರು ಅತ್ತೆಯವರು. “ಅದು ನನ್ನ ಮಗ ಇಟ್ಟಿರೋ ಅಳತೆ.”

ತಪಾಸಕರು ಅತ್ತೆಯವರನ್ನು ನೋಡಿದರು, ಅರ್ಜಿದಾರಳನ್ನು ನೋಡಿದರು, ಕೈ ತೆಗೆದರು. ಆ ಮೇಲೆ ಗೇಟಿನವರೆಗೆ ಜೊತೆಗೆ ಬಂದು ದನಿ ತಗ್ಗಿಸಿ ಹೇಳಿದರು: “ಈ ಮರಗಿರ ಇಟ್ಕೊಂಡು ಓಡಿಸಿದ್ರೆ ನಾನು ಪಾಸು ಮಾಡೋಕಾಗಲ್ಲಮ್ಮ. ಎಲ್ಲಾ ಬಿಚ್ಚಿ, ಗುರುತು ಹಾಕಿ ಸೀಟು ಸರಿಸಿಕೊಳ್ಳಿ, ಬೇಕಾದಾಗ ವಾಪಸ್ ತನ್ನಿ. ಇಲ್ಲಾ ಕಾರು ನಿಲ್ಲಿಸಿ. ನಾನಾಗಿ ಸರಿಸೋಣ ಅಂದ್ರೆ ಕೈ ಬರಲ್ಲ. ಆದೇಶ ಇದ್ರೆ ಬೇರೆ. ಒಂದು ಅರ್ಜಿ ಕೊಟ್ಟು ನೋಡಿ.”

ಅರ್ಜಿ ಕೊಡುವ ಉದ್ದೇಶ ಅರ್ಜಿದಾರಳಿಗೆ ಆಗ ಇರಲಿಲ್ಲ.

೬. ವಾಪಸ್ ಬರುವಾಗ ಶಾಲೆಯ ಎದುರಿನ ಇಳಿಜಾರಿನಲ್ಲಿ ಬ್ರೇಕಿನ ಮೇಲಿದ್ದ ಮರದ ತುಂಡು ಪಟ್ಟಿಯಿಂದ ಕಳಚಿ, ಪೆಡಲ್‌ನ ಕೆಳಗೆ ಹೋಗಿ ಸಿಕ್ಕಿಕೊಂಡಿತು. ಎದುರಿಗೆ ಹೆಂಗಸೊಬ್ಬಳು ಮಗುವನ್ನು ತಳ್ಳುಗಾಡಿಯಲ್ಲಿ ಕೂರಿಸಿಕೊಂಡು ರಸ್ತೆ ದಾಟುತ್ತಿದ್ದಳು. ಅರ್ಜಿದಾರಳು ಕೈಬ್ರೇಕ್ ಎಳೆದಳು. ಕಾರು ಅಡ್ಡಡ್ಡ ತಿರುಗಿ ನಿಂತಿತು. ತಳ್ಳುಗಾಡಿ ಕಾರಿಗೆ ತಾಗಲಿಲ್ಲ. ಮಗು ಎಚ್ಚರವಾಗಿತ್ತು, ಬಾತುಕೋಳಿಯನ್ನು ನೋಡಿ ನಕ್ಕಿತು. ತಾಯಿ ತಳ್ಳುಗಾಡಿಯನ್ನು ಹಿಂದಕ್ಕೆ ಎಳೆದುಕೊಂಡಳು.

ಈ ಸಂದರ್ಭದಲ್ಲಿ ಹಾರ್ನ್ ಆಗಲಿಲ್ಲ. ಅತ್ತೆಯವರ ಎರಡೂ ಕೈ ಅರ್ಜಿದಾರಳ ತೋಳಿನ ಮೇಲಿದ್ದವು.

“ನೀನೂ ಹೋಗಿಬಿಟ್ರೆ,” ಎಂದರು, “ನಾನು ಯಾರ ಮೇಲೆ ರೇಗಲೇ?”

ಸಲಹೆ, ಎಲ್ಲ ಕುಟುಂಬಗಳಿಗೂ: ಪೆಡಲ್‌ಗಳ ಮೇಲೆ ಏನನ್ನೂ ಕಟ್ಟಬೇಡಿ. ಯಾರ ಸಲುವಾಗಿಯೂ ಬೇಡ.

೭. ಸದರಿ ಕಾರನ್ನು ಮೈದುನ ಮನೆಯವರೆಗೆ ತಳ್ಳಿಸಿಕೊಂಡು ಬಂದ. ಫಿಟ್ಟಿಂಗ್‌ಗಳನ್ನೆಲ್ಲ ಬಿಚ್ಚಲಾಯಿತು. ಊಟದ ನಡುವೆ ಅತ್ತೆಯವರು ತಟ್ಟೆಯಿಂದ ತಲೆಯೆತ್ತದೆ, “ಸರಿಸಿಬಿಡು” ಎಂದರು. ಆದ್ದರಿಂದ ಹಿಂದಿನ ಆದೇಶ ಹಿಂಪಡೆದಂತಾಯಿತು.

ಅರ್ಜಿದಾರಳು ಹೋಗಿ ಕೂತಳು. ಲಿವರ್ ಹಿಡಿದಳು. ಹಿಡಿದೇ ಇದ್ದಳು. ಎದ್ದು ಬಂದು, “ನೀವೇ ಸರಿಸಿ ಅತ್ತೆ” ಎಂದಳು.

“ನಾನು ಹೆತ್ತವಳು, ನನ್ನ ಕೈಲಿ ಮಾಡಿಸ್ತೀಯಾ? ನೀನು ಓಡಿಸೋಳು, ನೀನು ಸರಿಸು.”

“ನಾನು ಸರಿಸಿದ್ರೆ ನಾಳೆ ನೀವೇ ಅಂತೀರಿ.”

“ಅಂತೀನಿ. ಅನ್ನಲ್ಲ ಅಂತ ಯಾಕೆ ಸುಳ್ಳು ಹೇಳಲಿ?”

ಮೈದುನ, “ಇಬ್ಬರೂ ಸುಮ್ನಿರಿ, ಇದೊಂದು ಕೆಲಸವಾ” ಎಂದು ತೋಳೇರಿಸಿಕೊಂಡು ಹೋದ. ಬಹಳ ಹೊತ್ತು ಬರಲಿಲ್ಲ. ಹೋಗಿ ನೋಡಿದರೆ, ಅಣ್ಣನ ಸೀಟಿನಲ್ಲಿ ಕಾಲು ಚಾಚಿ ಕೂತಿದ್ದ. ಅವನಿಗೂ ಪೆಡಲ್ ಎಟುಕುತ್ತಿರಲಿಲ್ಲ. ಒಳಗೆ ಬಂದು, “ಲಿವರ್ ಬಿಗಿಯಾಗಿದೆ, ಎಣ್ಣೆ ಬಿಡಬೇಕು” ಎಂದ. ಲಿವರ್ ಬಿಗಿಯಾಗಿಲ್ಲ. ಎಣ್ಣೆಯ ಡಬ್ಬಿ ಅವನ ಜೇಬಿನಲ್ಲೇ ಇತ್ತು.

ಅಂದಿನಿಂದ ಕಾರು ನಿಂತಲ್ಲೇ ನಿಂತಿದೆ. ಅತ್ತೆಯವರ ಚಿಕಿತ್ಸೆ ತಪ್ಪಿದೆ; ಮೆಟ್ಟಿಲು ಇಳಿಯುವುದು ಕಷ್ಟವಾಗಿದೆ. ಅರ್ಜಿದಾರಳು ರಜೆಯಲ್ಲಿದ್ದಾಳೆ, ರಜೆ ಮುಗಿಯುತ್ತ ಬಂದಿದೆ. ‘ಮಾರಿಬಿಡಿ’ ಎಂದು ನೆಂಟರು ಹೇಳುತ್ತಿದ್ದಾರೆ. ಮಾರಿದರೆ ಕೊಂಡವರು ಮೊದಲು ಮಾಡುವ ಕೆಲಸ ಸೀಟು ಸರಿಸುವುದೇ ಎಂಬುದು ಅವರಿಗೆ ಹೊಳೆದಿಲ್ಲ.

ಆದ್ದರಿಂದ, ಮೇಲ್ಕಂಡ ಎಲ್ಲ ಕಾರಣಗಳಿಂದ, ಕೋರುವುದೇನೆಂದರೆ:

ಸದರಿ ಸೀಟನ್ನು ಮುಂದಕ್ಕೆ ಸರಿಸತಕ್ಕದ್ದು ಎಂದು ಮೊಹರು ಹಾಕಿದ ಆದೇಶ ಹೊರಡಿಸಬೇಕು. ‘ಸರಿಸಬಹುದು’ ಎಂದು ಬರೆದರೆ ಈ ಮನೆಯಲ್ಲಿ ಸಾಲುವುದಿಲ್ಲ. ಸರಿಸಲು ತಮ್ಮ ಸಿಬ್ಬಂದಿಯೊಬ್ಬರನ್ನು ಮನೆಗೆ ಕಳಿಸಬೇಕು. ಅವರು ನಮ್ಮನ್ನು ಹಿಂದೆಂದೂ ಕಂಡವರಾಗಿರಬಾರದು ಮತ್ತು ಅವರಿಗೆ ಸಮಾಧಾನ ಹೇಳುವ ಅಭ್ಯಾಸ ಇರಬಾರದು. ಸೀಟಿನ ಹಳಿಯ ಮೇಲೆ ಎಷ್ಟು ಹಲ್ಲು ಮುಂದೆ ಸರಿಸಿದರೆಂದು ವರದಿಯಲ್ಲಿ ನಮೂದಿಸಬಾರದು. ಗೊತ್ತಾದರೆ ನಾವು ವಾಪಸ್ ತರಲು ನೋಡುತ್ತೇವೆ. ಅಳತೆಗೆಂದು ಅರ್ಜಿದಾರಳನ್ನು ಕರೆದು ಕೂರಿಸುವ ಅಗತ್ಯ ಬೀಳದಂತೆ ಬೇಕಾದ್ದನ್ನು ಲಗತ್ತಿಸಲಾಗಿದೆ.

ತಮ್ಮ ಆದೇಶವಿಲ್ಲದೆ ಏನೂ ಮಾಡಲಾರದ ವಿಶ್ವಾಸಿ,
(ಸಹಿ)
ಅರ್ಜಿದಾರಳು

ಲಗತ್ತುಗಳು:
೧. ತಪಾಸಕರ ಟಿಪ್ಪಣಿಯ ಪ್ರತಿ.
೨. ಅರ್ಜಿದಾರಳ ಕಾಲಿನ ಉದ್ದಕ್ಕೆ ಕತ್ತರಿಸಿದ ದಾರ, ಒಂದು.
೩. ಕಾರಿನಿಂದ ಬಿಚ್ಚಿದ ಫಿಟ್ಟಿಂಗ್‌ಗಳು, ಗೋಣಿಚೀಲದಲ್ಲಿ. (ಹಾರ್ನಿನ ಗುಂಡಿ ಇದರಲ್ಲಿಲ್ಲ. ಅತ್ತೆಯವರು ಕೊಡುತ್ತಿಲ್ಲ.)
೪. ಕಾರಿನ ಕೀಲಿಕೈ.

ವಿಶೇಷ ಸೂಚನೆ: ಸಿಬ್ಬಂದಿ ಬಂದಾಗ ಗೇಟು ತೆರೆದಿರುತ್ತದೆ. ಅರ್ಜಿದಾರಳೂ ಅತ್ತೆಯವರೂ ಒಳಕೋಣೆಯಲ್ಲಿ ಬಾಗಿಲು ಹಾಕಿಕೊಂಡಿರುತ್ತಾರೆ. ಕೆಲಸವಾದ ಮೇಲೆ ಕರೆದು ತಿಳಿಸಬೇಕಾಗಿಲ್ಲ. ಆ ಸೀಟು ಸರಿಯುವ ಸದ್ದು ಇಬ್ಬರಿಗೂ ಗೊತ್ತು.